ಕೆಂಪು ಗೆರೆಯೊಳಗಿನ ಹೊಲ

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಸ್ವೀಡನ್ನಿನ ಕಿಸ್ಟಾ ಮೆಟ್ರೊ ನಿಲ್ದಾಣದ ಎಸ್ಕಲೇಟರ್ ಮೇಲಿದ್ದೆ. ವಿಜಯಪುರದಿಂದ ಅವರ ಮಗಳು ಕಳಿಸಿದ್ದು ಎರಡೇ ಸಾಲು: 'ಅಬ್ಬಾ ನಿನ್ನೆ ಹೋದರು. ಹಾರ್ಟ್ ಅಟ್ಯಾಕ್.' ಕೆಳಗಿಳಿಯುವಷ್ಟರಲ್ಲಿ ಅವರ ಮುಖವನ್ನು ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಬಂದದ್ದು ಅವರ ಬಲಗಾಲು. ಹೊಲದಲ್ಲಿ ತೋಡಿದ ಗುಣಿಗೆ ಮಣ್ಣು ತುಂಬಿ, ಕಿತ್ತ ಹೆಂಟೆಯನ್ನು ಮೊದಲಿದ್ದ ದಿಕ್ಕಿಗೇ ಕೂರಿಸಿ, ಬೂಟುಗಾಲಿನಿಂದ ಅದನ್ನು ಮೂರು ಸಲ ಮೆತ್ತಗೆ ಒತ್ತುತ್ತಿದ್ದರು. ಮೂರೇ ಸಲವೋ, ನಾಲ್ಕೋ? ನೆನಪು ಮೂರು ಎನ್ನುತ್ತದೆ. ನನ್ನ ನೆನಪಿಗೆ ಮೂರರ ಮೇಲೆ ಪ್ರೀತಿ ಜಾಸ್ತಿ ಎಂಬುದೂ ನನಗೆ ಗೊತ್ತು.

ನಾನು ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ ಮಾಡಿದವನು. ಕಂಡ ಕೂಡಲೇ ಬರೆದಿಡದ ಅಳತೆ ಅಳತೆಯೇ ಅಲ್ಲ ಎಂದು ಅಲ್ಲಿನ ಪ್ರಯೋಗಾಲಯದಲ್ಲಿ ನಮ್ಮ ತಲೆಗೆ ತುಂಬಿದ್ದರು. ಆಮೇಲೆ ಸಾಫ್ಟ್‌ವೇರ್‌ಗೆ ಬಂದೆ, ಸ್ವೀಡನ್ನಿಗೂ ಬಂದೆ, ಆ ಮಾತು ಮಾತ್ರ ಜೊತೆಗೇ ಬಂತು. ಯಾರು ಏನು ಹೇಳಿದರೂ 'ಅದಕ್ಕೇನು ಆಧಾರ?' ಎಂದು ಕೇಳುವ ಚಟ ಹತ್ತಿತು. ಹೆಂಡತಿ ಅದನ್ನು ರೋಗ ಎನ್ನುತ್ತಾಳೆ. ಇಲ್ಲಿ ಬರೆಯುತ್ತಿರುವುದರಲ್ಲಿ ನಡೆದದ್ದೆಷ್ಟು, ನಾನು ಆಮೇಲೆ ಕಟ್ಟಿಕೊಂಡದ್ದೆಷ್ಟು ಎಂದು ಕೇಳಿದರೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ.

ಕಚೇರಿಯಲ್ಲಿ ಅವರು ಟೆಸ್ಟರ್. ವಯಸ್ಸು ಐವತ್ತರ ಹತ್ತಿರ, ನಮ್ಮ ತಂಡದ ಭಾರತೀಯರಲ್ಲಿ ಎಲ್ಲರಿಗಿಂತ ಹಿರಿಯರು. ಸ್ವೀಡಿಷರು ಮ್ಯಾನೇಜರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನಮಗೆ ಅವರ ಹೆಸರು ಹಿಡಿಯಲು ನಾಲಿಗೆ ಬರದೆ ಎಲ್ಲರೂ 'ಭಾಯ್' ಎನ್ನುತ್ತಿದ್ದೆವು. ಕೊನೆಕೊನೆಗೆ ಸ್ವೀಡಿಷರೂ ಅದನ್ನೇ ಹೆಸರೆಂದುಕೊಂಡು ಮೇಲ್‌ಗಳಲ್ಲಿ ಬರೆಯತೊಡಗಿದರು. ನಾನು ಬರೆದ ಪ್ರೋಗ್ರಾಂಗಳಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಒಂದು ಸಲ ಫೀಕಾ ಎಂಬ ಇಲ್ಲಿಯ ಕಾಫಿ ವಿರಾಮದ ಹೊತ್ತಿನಲ್ಲಿ, ಕಪ್ಪು ಹಿಡಿದು, ನಾನು ಜಂಬದಿಂದ ಕೇಳಿದೆ:

"ಏನ್ ಭಾಯ್, ಈ ಸಲ ಒಂದೂ ಬಗ್ ಇಲ್ವಂತೆ?"

"ಇಲ್ಲ ಅಂತ ನಾನು ಹೇಳ್ಲಿಲ್ಲಪ್ಪ. ನಂಗೆ ಸಿಗಲಿಲ್ಲ ಅಂತ ಬರ್ದಿದೀನಿ. ಎರಡೂ ಬೇರೆ ಬೇರೆ."

ಅವತ್ತಿನಿಂದ ನನಗೆ ಅವರ ಮೇಲೆ ಗೌರವ ಬಂತು. ಇಲ್ಲ ಎನ್ನುವುದಕ್ಕೂ ಸಿಗಲಿಲ್ಲ ಎನ್ನುವುದಕ್ಕೂ ಇರುವ ವ್ಯತ್ಯಾಸ ತಿಳಿದವರು ವಿಶ್ವವಿದ್ಯಾಲಯದಲ್ಲೂ ನನಗೆ ಹೆಚ್ಚು ಮಂದಿ ಸಿಕ್ಕಿರಲಿಲ್ಲ.

ಕಚೇರಿಯ ಕನ್ನಡದವರ ನಡುವೆ ಅವರು ಹೀಗೆ ಬೆಂಗಳೂರಿನ ಮಾತಾಡುತ್ತಿದ್ದರು. ವಿಜಯಪುರದವರೆಂದು ನನಗೆ ಎರಡು ವರ್ಷ ಗೊತ್ತೇ ಆಗಿರಲಿಲ್ಲ. ಗೊತ್ತಾದದ್ದು ಹೊಲದಲ್ಲಿ, ಯಂತ್ರ ಮೊದಲ ಸಲ ಕೂಗಿದಾಗ: "ಏ ತಮ್ಮಾ, ಇಲ್ ಬಾ ಇಲ್ ಬಾ, ಏನೋ ಅದ ಇಲ್ಲಿ!" ಆಮೇಲೆ ಬಸ್ಸಿನಲ್ಲಿ ಮರಳುವವರೆಗೂ ಅದೇ ಮಾತು. ಕಿಸ್ಟಾದಲ್ಲಿ ಇಳಿದ ಕೂಡಲೇ ಮತ್ತೆ ಬೆಂಗಳೂರು.

ಯಂತ್ರ ಎಂದರೆ ಲೋಹಶೋಧಕ. ಉದ್ದ ಕೋಲು, ತುದಿಯಲ್ಲಿ ತಟ್ಟೆಯಷ್ಟಗಲದ ಸುರುಳಿ, ಕಿವಿಗೆ ಹೆಡ್‌ಫೋನ್. ನೆಲದಡಿ ನಾಣ್ಯವಿದ್ದರೆ ಒಂದು ದನಿ, ಕಬ್ಬಿಣವಿದ್ದರೆ ಇನ್ನೊಂದು. ಶನಿವಾರ ಭಾನುವಾರ ಅದನ್ನು ಹಿಡಿದು ಉಳುಮೆಯಾದ ಹೊಲದಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುವುದು ಅವರ ಹವ್ಯಾಸ.

ಅದು ಹತ್ತಿಕೊಂಡ ಕಾರಣವನ್ನು ಅವರೇ ಹೇಳಿದ್ದರು. ಈ ದೇಶದಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಕಾಯಂ ಆಗಿ ಉಳಿಯಲು ಅರ್ಜಿ ಹಾಕಿಕೊಂಡಿದ್ದರು. ಅರ್ಜಿ ಹಾಕಿ ವರ್ಷ ದಾಟಿತ್ತು, ಉತ್ತರ ಬಂದಿರಲಿಲ್ಲ. ಹಳೆಯ ಪರವಾನಗಿಯ ಅವಧಿ ಅಷ್ಟರಲ್ಲಿ ಮುಗಿದಿತ್ತು. ಉತ್ತರ ಬರುವ ತನಕ ಇಲ್ಲೇ ಇರಬಹುದು, ದುಡಿಯಬಹುದು. ಗಡಿ ದಾಟಿದರೆ ಮಾತ್ರ ಮರಳಿ ಒಳಗೆ ಬರುವುದು ಖಾತ್ರಿಯಿಲ್ಲ. ತಂಗಿಯ ಮಗಳ ಮದುವೆಗೆ ಹೋಗಲಿಲ್ಲ. ಕಚೇರಿಯವರೆಲ್ಲ ಬಿಸಿಲು ಹುಡುಕಿಕೊಂಡು ಸ್ಪೇನಿಗೆ ಹೊರಟಾಗ ಇವರು ಅವರ ಗಿಡಗಳಿಗೆ ನೀರು ಹಾಕುತ್ತಿದ್ದರು.

"ದೇಶದ ಹೊರಗ ಹೋಗಾಕ ಬರಂಗಿಲ್ಲ ನಂಗ," ಎಂದರು ಒಮ್ಮೆ. "ಅದಕ್ಕ ಒಳಗ ಹೊಂಟೀನಿ. ಆರು ಇಂಚು."

ನಗುತ್ತ ಹೇಳಿದ ಮಾತು. ಆದರೆ ಅದರ ಕೆಳಗೊಂದು ಲೆಕ್ಕವಿತ್ತು, ಅದೂ ನನಗೆ ಗೊತ್ತಿತ್ತು. ಮಗಳು ಗಿಮ್ನಾಸಿಯಂನ ಎರಡನೇ ವರ್ಷದಲ್ಲಿದ್ದಳು. ನಮ್ಮ ಪಿಯುಸಿ ಇದ್ದ ಹಾಗೆ ಅದು, ಇಲ್ಲಿ ಮೂರು ವರ್ಷ. ಕನ್ನಡದಲ್ಲಿ ಕೇಳಿದರೆ ಸ್ವೀಡಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಇಲ್ಲೇ ವೈದ್ಯಕೀಯ ಓದಬೇಕೆಂದು ಹಟ ಹಿಡಿದಿದ್ದಳು. ಅವಳಿಗೆ ಹದಿನೆಂಟು ತುಂಬುವ ಮೊದಲು ಉತ್ತರ ಬರಬೇಕಿತ್ತು. ಹದಿನೆಂಟು ದಾಟಿದರೆ ಅಪ್ಪನ ಅರ್ಜಿಯಲ್ಲಿ ಅವಳು ಮಗುವಾಗಿ ಉಳಿಯುವುದಿಲ್ಲ. ಭಾಯ್‌ಗೆ ತಾವು ಇಲ್ಲಿ ಉಳಿಯುವುದರ ಬಗ್ಗೆ ಅಷ್ಟೇನೂ ಆಸೆಯಿರಲಿಲ್ಲವೆಂದು ನನ್ನ ಊಹೆ. ಅವಳ ಓದು ಮುರಿಯಬಾರದು, ಇಷ್ಟೇ.

ಲೋಹಶೋಧಕಕ್ಕೂ ಪರವಾನಗಿ ಬೇಕು ಎಂದಾಗ ನಾನು ನಂಬಿರಲಿಲ್ಲ. ಈ ದೇಶದಲ್ಲಿ ಕಾಡಿಗೆ ನುಗ್ಗಿ ಹಣ್ಣು ಕೀಳಬಹುದು, ಅಣಬೆ ಕೀಳಬಹುದು, ಯಾರೂ ಕೇಳುವುದಿಲ್ಲ. ಆದರೆ ನೆಲದಡಿಯ ಹಳೆಯ ವಸ್ತು ಸರ್ಕಾರದ ಕಾಳಜಿ. ಜಿಲ್ಲಾಡಳಿತಕ್ಕೆ ಅರ್ಜಿ ಹಾಕಬೇಕು, ಹೊಲದ ಮಾಲೀಕರ ಒಪ್ಪಿಗೆ ತರಬೇಕು. ಆಮೇಲೆ ಅವರು ಒಂದು ನಕ್ಷೆ ಕಳಿಸುತ್ತಾರೆ. ನಕ್ಷೆಯಲ್ಲಿ ಒಂದು ಹೊಲ, ಅದರ ಸುತ್ತ ಕೆಂಪು ಗೆರೆ. ಆ ಗೆರೆಯೊಳಗೆ, ಇಂತಿಷ್ಟು ತಿಂಗಳು, ಹೆಸರಿರುವ ವ್ಯಕ್ತಿ ಮಾತ್ರ ಯಂತ್ರ ಹಿಡಿಯಬಹುದು. ಹಳೆಯ ಬೆಳ್ಳಿ, ಚಿನ್ನ, ತಾಮ್ರ ಏನೇ ಸಿಕ್ಕರೂ ತಿಳಿಸಬೇಕು.

ಭಾಯ್ ಆ ನಕ್ಷೆಗೆ ಪ್ಲಾಸ್ಟಿಕ್ ಹಾಳೆ ಹಚ್ಚಿಸಿ ಕೊರಳಿಗೆ ನೇತುಹಾಕಿಕೊಂಡಿದ್ದರು. ಹೊಲಕ್ಕೆ ಹೋದ ಕೂಡಲೇ ಮೊದಲ ಕೆಲಸ, ಗೆರೆಯುದ್ದಕ್ಕೂ ಕಡ್ಡಿ ನೆಟ್ಟು ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟುವುದು. ಅದಕ್ಕೇ ಅರ್ಧ ಗಂಟೆ. ಹೋದ ವಾರ ನೆಟ್ಟ ಜಾಗವೇ ಅಲ್ಲವೇ ಎಂದರೆ, "ಹೋದ ವಾರ ಪಾಸಾದ ಟೆಸ್ಟ್ ಈ ವಾರ ಪಾಸಾಗ್ತದ ಅಂತ ಯಾರ್ ಹೇಳಿದ್ರು?" ಎನ್ನುತ್ತಿದ್ದರು.

ಹೊಲವಿದ್ದದ್ದು ಕಿಸ್ಟಾದಿಂದ ಉತ್ತರಕ್ಕೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅದರ ನಡುವೆ ಒಂದು ದಿಬ್ಬ. ಬಂಡೆ, ಪಾಚಿ, ನಾಲ್ಕೈದು ಬರ್ಚ್ ಮರ. ಇಲ್ಲಿಯ ಹೊಲಗಳಲ್ಲಿ ಇಂಥ ದಿಬ್ಬಗಳು ಸಾಮಾನ್ಯ. ಉಳಲಾಗದ ಕಲ್ಲುನೆಲವೆಂದು ಬಿಟ್ಟವು. ಕೆಲವುಗಳಲ್ಲಿ ಸಾವಿರ ವರ್ಷದ ಹಿಂದಿನ ಗೋರಿಗಳಿರುತ್ತವೆಯಂತೆ. ಅದಕ್ಕೇ ನಕ್ಷೆಯಲ್ಲಿ ಕೆಂಪು ಗೆರೆ ಆ ದಿಬ್ಬವನ್ನೂ ಅದರ ಸುತ್ತಲಿನ ಇಪ್ಪತ್ತು ಹೆಜ್ಜೆ ನೆಲವನ್ನೂ ಹೊರಗಿಟ್ಟಿತ್ತು. ಅಲ್ಲಿ ಕೂರಬಹುದು, ಊಟ ಮಾಡಬಹುದು. ಯಂತ್ರ ತರುವಂತಿಲ್ಲ.

ಹೊಲದೊಡತಿ ಎಪ್ಪತ್ತು ದಾಟಿದ ಹೆಂಗಸು. ಮೊದಲ ತಿಂಗಳು ಟ್ರ್ಯಾಕ್ಟರ್ ನಿಲ್ಲಿಸಿ ದೂರದಿಂದ ನೋಡುತ್ತಿದ್ದಳು. ಒಂದು ದಿನ ಬಂದು, ಅವರು ಮುಚ್ಚಿದ ಗುಣಿಗಳನ್ನು ಹುಡುಕಿದಳು. ಸಿಗಲಿಲ್ಲ. ಮುಂದಿನ ವಾರದಿಂದ ಫ್ಲಾಸ್ಕಿನಲ್ಲಿ ಕಾಫಿ ಬರತೊಡಗಿತು.

ನಾನು ಯಾಕೆ ಜೊತೆಗೆ ಹೋಗುತ್ತಿದ್ದೆ? ಕಿಸ್ಟಾದ ಪಕ್ಕದ ನಮ್ಮ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ನಾಲ್ಕು ಹವ್ಯಾಸ ಹಿಡಿದು ನಾಲ್ಕನ್ನೂ ಬಿಟ್ಟಿದ್ದೆ. ನನ್ನ ಕೆಲಸದ ಪರವಾನಗಿಯ ನವೀಕರಣವೂ ಭಾಯ್ ಅರ್ಜಿಯಿದ್ದ ವಲಸೆ ಇಲಾಖೆಯ ಮುಂದೆಯೇ ಇತ್ತು. ದಿನಕ್ಕೆ ಹತ್ತು ಸಲ ವೆಬ್‌ಸೈಟ್ ತೆರೆದು ನೋಡುವುದು, ಅಲ್ಲಿ ಇನ್ನೂ ತೀರ್ಮಾನವಾಗಿಲ್ಲ ಎಂಬ ಅದೇ ಸಾಲು ಕಾಣುವುದು. ಹೊಲದಲ್ಲಾದರೆ ಫೋನ್ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ. ಅಷ್ಟೇ ಕಾರಣ. ಯಂತ್ರ ಅವರು ಹಿಡಿಯುವರು, ನಾನು ನೋಟ್‌ಬುಕ್ ಹಿಡಿಯುವೆ. ಪ್ರತಿ ದನಿಗೂ ಒಂದು ಸಂಖ್ಯೆ, ಆಳ, ಜಾಗ, ಸಿಕ್ಕ ವಸ್ತು. ಕಚೇರಿಯ ಟೆಸ್ಟ್ ಲಾಗ್ ಇದ್ದ ಹಾಗೆಯೇ.

"ಬರಿ: ಬಿಯರ್ ಮುಚ್ಚಳ."

"ಇದನ್ನೂ ಬರೀಬೇಕಾ ಭಾಯ್?"

"ಯಾಕ, ಮುಚ್ಚಳಾ ಏನ್ ಪಾಪ ಮಾಡೇದ?"

ಕುದುರೆ ಲಾಳದ ಮೊಳೆ, ಟ್ರ್ಯಾಕ್ಟರ್ ಬೋಲ್ಟು, ಅಲ್ಯುಮಿನಿಯಂ ಚೂರು, ಮತ್ತೆ ಮುಚ್ಚಳ. ಅಪರೂಪಕ್ಕೆ ಹಸಿರುಗಟ್ಟಿದ ತಾಮ್ರದ ಹಳೇ ಕಾಸು. ಕಾಸು ಸಿಕ್ಕಾಗ ಅವರು ಅದನ್ನು ಒರೆಸುತ್ತಿರಲಿಲ್ಲ. ಒರೆಸಿದರೆ ಮೇಲಿನ ಅಚ್ಚು ಹಾಳಾಗುತ್ತದೆಂದು ಮಣ್ಣಿನ ಸಮೇತ ಪುಟ್ಟ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹೊರಗಿನಿಂದಲೇ ನೋಡುತ್ತಿದ್ದರು. ಯಂತ್ರದೊಳಗಿನ ಕಾಂತಕ್ಷೇತ್ರದ ಬಗ್ಗೆ ನಾನು ಉಪನ್ಯಾಸ ಶುರು ಮಾಡಿದರೆ, "ಫಿಜಿಕ್ಸ್ ಆಮ್ಯಾಲ ಹೇಳು, ಈಗ ಕೇಳು," ಎಂದು ಹೆಡ್‌ಫೋನನ್ನು ನನ್ನ ಕಿವಿಗೆ ಇಡುತ್ತಿದ್ದರು. ಯಂತ್ರವನ್ನು ಮಾತ್ರ ನನ್ನ ಕೈಗೆ ಎಂದೂ ಕೊಡಲಿಲ್ಲ. "ನಿನ್ನ ಹೆಸರು ಇಲ್ಲ ಅದರಾಗ" ಎಂದು ಕೊರಳಿನ ನಕ್ಷೆ ತೋರಿಸುತ್ತಿದ್ದರು.

ಇನ್ನು ಆ ದಿನ. ಏಪ್ರಿಲ್ ತಿಂಗಳು. ನೆಲದ ಹಿಮ ಕರಗಿ, ಇನ್ನೂ ಬಿತ್ತನೆಯಾಗಿರಲಿಲ್ಲ. ರಂಜಾನ್ ನಡೆದಿತ್ತು. ಅವರು ಉಪವಾಸ. ಆದರೂ ಅವರ ಹೆಂಡತಿ ನನಗೆಂದು ಸ್ಟೀಲ್ ಡಬ್ಬಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಕಳಿಸಿದ್ದರು. ನಾನು ಮುಜುಗರದಿಂದ, "ನೀವು ಉಪವಾಸ ಇರುವಾಗ ನಾನು ಹ್ಯಾಗೆ ತಿನ್ನಲಿ?" ಎಂದೆ.

"ನನ್ನ ರೋಜಾ ನಂದು, ನಿನ್ನ ಹಸಿವು ನಿಂದು. ಹೋಗು, ದಿಬ್ಬದ ಮ್ಯಾಲ ಕೂತು ಉಣ್ಣು. ಉಳಿಸಿದ್ರ ಮನಿಯಾಗ ನನಗ ಬೈಗುಳ."

ಅವರು ಯಂತ್ರವನ್ನು ರಿಬ್ಬನ್ನಿನ ಪಕ್ಕ ಮಲಗಿಸಿ, ಗೆರೆಯೊಳಗೇ ಸ್ವಲ್ಪ ದೂರದಲ್ಲಿ ಚಾಪೆ ಹಾಸಿ, ಮಧ್ಯಾಹ್ನದ ನಮಾಜಿಗೆ ನಿಂತರು.

ಇಲ್ಲಿಂದ ನನ್ನ ಹತ್ತಿರ ಎರಡು ನೆನಪುಗಳಿವೆ. ಒಂದರಲ್ಲಿ, ಮೋಡ ಕವಿದಿದೆ, ಯಂತ್ರ ಒದ್ದೆಯಾದೀತೆಂದು ನಾನು ಅದನ್ನು ಎತ್ತಿಕೊಂಡು ದಿಬ್ಬಕ್ಕೆ ಹೋಗುತ್ತೇನೆ. ಅವರು ಆರಿಸಲು ಮರೆತಿರುವುದರಿಂದ ಅದು ಚಾಲೂ ಇದೆ. ಅಂದು ಸಂಜೆ ಹೆಂಡತಿಗೆ ಹೇಳಿದ್ದು ಇದನ್ನೇ. ಇನ್ನೊಂದರಲ್ಲಿ ಆಕಾಶ ಶುಭ್ರವಾಗಿದೆ, ಅವರ ಬೆನ್ನು ನನ್ನ ಕಡೆಗಿದೆ, ನಾನು ಬಗ್ಗಿ ಯಂತ್ರದ ಗುಂಡಿ ಒತ್ತಿ ಚಾಲೂ ಮಾಡುತ್ತೇನೆ. ಬಹಳ ದಿನ ನಾನು ಈ ಎರಡರ ನಡುವೆ ತೀರ್ಮಾನ ಕೊಡದೆ ಕುಳಿತೆ. ಆಧಾರ ಸಾಲದು ಎಂದು. ಅಷ್ಟು ವಾರಾಂತ್ಯಗಳಲ್ಲಿ ಅವರು ಯಂತ್ರ ಆರಿಸಲು ಒಮ್ಮೆಯೂ ಮರೆತಿರಲಿಲ್ಲ ಎಂಬುದೂ ಒಂದು ಆಧಾರವೆಂದು ನನಗೆ ಹೊಳೆಯಲಿಲ್ಲ, ಅಥವಾ ಹೊಳೆಯಲು ನಾನು ಬಿಡಲಿಲ್ಲ.

ಆಮೇಲಿನದು ಒಂದೇ ನೆನಪು. ಬಂಡೆಯ ಪಕ್ಕ ಪಾಚಿಯ ಮೇಲೆ ಕೂತು ಡಬ್ಬಿ ತೆಗೆದೆ. ಪಕ್ಕದಲ್ಲಿಟ್ಟಿದ್ದ ಯಂತ್ರ, ಹೆಡ್‌ಫೋನ್ ಸಿಕ್ಕಿಸಿರದ ಕಾರಣ, ಹೊರಗೇ ಕಿರುಚಿಕೊಂಡಿತು. ಬೆಚ್ಚಿಬಿದ್ದು, ಸ್ಟೀಲ್ ಡಬ್ಬಿಗೆ ಕೂಗಿದ್ದೆಂದು ತಿಳಿದು ಒಬ್ಬನೇ ನಕ್ಕೆ. ಡಬ್ಬಿಯನ್ನು ಆಚೆ ಇಟ್ಟೆ. ಕಿರುಚಾಟ ನಿಂತಿತು, ಆದರೆ ಅದರಡಿ ಇನ್ನೊಂದು ದನಿಯಿತ್ತು. ಸಣ್ಣದು, ದುಂಡಗಿನದು. ಸುರುಳಿಯನ್ನು ಪಾಚಿಯ ಮೇಲೆ ಆಡಿಸಿದೆ. ಮತ್ತೆ ಅದೇ. ಚಟ್ನಿಯ ಚಮಚದಿಂದ ಪಾಚಿ ಕೆದರಿದೆ. ಎರಡು ಬೆರಳಿನ ಆಳವೂ ಇರಲಿಲ್ಲ. ಉಗುರಿನಷ್ಟಗಲ, ಉಗುರಿಗಿಂತ ತೆಳ್ಳಗಿನ ಬೆಳ್ಳಿಯ ಬಿಲ್ಲೆ. ನಡುವೆ ಕಿರೀಟ ತೊಟ್ಟ ಮುಖವೊಂದು.

"ಭಾಯ್!" ಎಂದು ಕೂಗಿದೆ. ನಮಾಜು ಮುಗಿಯುವವರೆಗೂ ಅವರು ತಿರುಗಲಿಲ್ಲ. ಮುಗಿದ ಮೇಲೆ ನಿಧಾನಕ್ಕೆ ಬಂದರು. ನನ್ನ ಅಂಗೈ ನೋಡಿದರು, ಚಮಚ ನೋಡಿದರು, ಯಂತ್ರ ನೋಡಿದರು.

"ಎಲ್ಲಿ ಸಿಕ್ತು?" ಎಂದರು. ಕಚೇರಿಯ ಕನ್ನಡದಲ್ಲಿ.

"ಇಲ್ಲೇ. ಡಬ್ಬಿ ಕೆಳಗೆ."

ತಿರುಗಿ ರಿಬ್ಬನ್ನುಗಳ ಸಾಲನ್ನು ನೋಡಿದರು. ಬಹಳ ಹೊತ್ತು ನೋಡಿದರು ಎಂದು ನೆನಪು. ಆಗ ನನಗೆ ನಾನು ಮಾಡಿದ್ದೇನೆಂದು ಅರಿವಾಯಿತು. ಪರವಾನಗಿಯಿಲ್ಲದ ಕೈ, ಗೆರೆಯ ಹೊರಗಿನ ನೆಲ, ಗೋರಿಯಿರಬಹುದಾದ ದಿಬ್ಬ. ಯಂತ್ರ ಅವರದು, ಪರವಾನಗಿಯಲ್ಲಿರುವ ಹೆಸರು ಅವರದು. ಅವರ ಅರ್ಜಿ ಇತ್ಯರ್ಥವಾಗದೆ ಮೇಜಿನ ಮೇಲಿದೆ.

"ಮುಚ್ಚಿಬಿಡೋಣ ಭಾಯ್," ಎಂದೆ. "ಇಷ್ಟು ಕಾಲ ಇಲ್ಲೇ ಇತ್ತು, ಇನ್ನೊಂದ್ ವರ್ಷ ಇರ್ಲಿ. ನಿಮ್ ಡಿಸಿಷನ್ ಬಂದ್ಮೇಲೆ ಬಂದು ತೆಗೆಯೋಣ."

"ಆವಾಗ ತಗದು, ಆವಾಗ ಸಿಕ್ತು ಅಂತ ಬರೀಲೇನು?"

"ಹಾಗಾದ್ರೆ ರಿಬ್ಬನ್ ಒಳಗೆ ಸಿಕ್ತು ಅಂತ ಬರೀರಿ. ಇಪ್ಪತ್ತು ಹೆಜ್ಜೆ ವ್ಯತ್ಯಾಸ, ಅಷ್ಟೆ."

"ಇಪ್ಪತ್ ಹೆಜ್ಜಿ ಕಮ್ಮಿ ಆತೇನು? ನಾಳೆ ಇದರ ಜೋಡಿದು ಹುಡುಕ್ಕೋತ ಯಾರರ ಬಂದ್ರ ಹೊಲಾ ಅಗೀತಾರ. ಅದು ಇಲ್ಲೇ ಇರ್ತದ. ಲಾಗ್ ಅನ್ನೂದು ಮುಂದ ಬರೋರಿಗೆ, ತಮ್ಮಾ."

"ಮಗಳ ಬಗ್ಗೆ ಯೋಚ್ನೆ ಮಾಡಿ."

ಅದನ್ನು ಹೇಳಬಾರದಿತ್ತು. ಅವರು ಕೂತರು. ಬಾಯಿ ಒಣಗಿತ್ತೆಂದು ಕಾಣುತ್ತದೆ, ತುಟಿಯನ್ನು ಒರೆಸಿಕೊಂಡರು. "ಅವಳದ ಯೋಚ್ನಿ ಮಾಡಾಕತ್ತೀನಿ," ಎಂದರು. ಆಮೇಲೆ ನನ್ನ ಕಡೆ ನೋಡದೆ, "ನಿಂದೂ ಅರ್ಜಿ ಅದ ಅಲ್ಲೇನು? ಸುಮ್ಮನಿರು. ನಾ ನೋಡ್ಕೋತೀನಿ."

ಈ ಉತ್ತರ ನನಗೆ ಪದಪದವೂ ನೆನಪಿದೆ. ಅದರ ಹಿಂದೆ ನಾನೇನೋ ಹೇಳಿರಬೇಕಲ್ಲವೇ? 'ತಪ್ಪು ನನ್ನದು, ನಾನೇ ಹೋಗಿ ಹೇಳುತ್ತೇನೆ' ಎಂದೋ, ಅಂಥದ್ದೇನೋ. ವರ್ಷಗಟ್ಟಲೆ ನಾನು ಹಾಗೆ ವಾದಿಸಿಕೊಂಡೆ: ಉತ್ತರವಿದ್ದರೆ ಪ್ರಶ್ನೆ ಇದ್ದಿರಲೇಬೇಕು. ನನ್ನ ದನಿಯಲ್ಲಿ ಆ ಮಾತು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಇಲ್ಲ ಎನ್ನಲಾರೆ, ಸಿಗಲಿಲ್ಲ ಎಂದಷ್ಟೇ ಹೇಳಬಲ್ಲೆ ಎಂದು ಅವರದೇ ಮಾತಿನ ಹಿಂದೆ ಅಡಗಿ ಕೂತೆ.

ಅವತ್ತು ಅವರು ನೋಟ್‌ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಬರೆದರು. ಸೋಮವಾರ ಜಿಲ್ಲಾಡಳಿತಕ್ಕೆ ಹೋಗಿ ಬಿಲ್ಲೆ ಒಪ್ಪಿಸಿ, ಗೆರೆಯ ಹೊರಗೆ ಸಿಕ್ಕಿತೆಂದು ಬರೆದುಕೊಟ್ಟು ಬಂದರು. ನಿಯಮದ ಪ್ರಕಾರ ವಿಷಯ ಪೊಲೀಸರಿಗೆ ಹೋಯಿತು.

ವಿಚಾರಣೆಯ ಮರುದಿನ ಕಚೇರಿಯ ಊಟದ ಮೇಜಿನಲ್ಲಿ ನಾನು ಪಿಸುದನಿಯಲ್ಲಿ ಕೇಳಿದೆ: "ಏನಂದ್ರು?"

"ಕಾಫಿ ಕೊಟ್ರು. ಹಾಲು ಬೇಕಾ ಅಂದ್ರು. ನಮ್ಮೂರಲ್ಲಿ ಪೊಲೀಸ್ರು ಹಾಲು ಬೇಕಾ ಅಂದಿದ್ರೆ ನಾನು ಅಲ್ಲೇ ಎಲ್ಲಾ ಒಪ್ಕೋತಿದ್ದೆ."

"ನನ್ನ ಬಗ್ಗೆ ಏನಾದ್ರೂ..."

"ನಿನ್ನ ರಿಲೀಸ್‌ನಲ್ಲಿ ಎರಡು ಬಗ್ ಇದೆ. ಊಟ ಮುಗಿಸಿ ಬಾ, ತೋರಿಸ್ತೀನಿ."

ನಾನು ಮತ್ತೆ ಕೇಳಲಿಲ್ಲ. ಪೊಲೀಸರು ನನಗೆ ಕರೆ ಮಾಡಬಹುದೆಂದು ಅಪರಿಚಿತ ನಂಬರು ಕಂಡಾಗಲೆಲ್ಲ ಎತ್ತುವ ಮೊದಲು ಅದು ಯಾರದೆಂದು ಇಂಟರ್ನೆಟ್ಟಿನಲ್ಲಿ ಹುಡುಕುತ್ತಿದ್ದೆ. ಕರೆ ಬರಲಿಲ್ಲ. ಮೇ ತಿಂಗಳಲ್ಲಿ ನನ್ನ ನವೀಕರಣ ಬಂತು. ಅದೇ ತಿಂಗಳು ಅವರಿಗೆ ಒಂದು ಪತ್ರ ಬಂತು: ಪೊಲೀಸ್ ವಿಷಯ ಮುಗಿಯುವ ತನಕ ಅರ್ಜಿಯನ್ನು ಬದಿಗಿಡಲಾಗಿದೆ. ನನಗೆ ಅಭಿನಂದನೆ ಹೇಳಲು ಅವರು ಮನೆಗೆ ಬಂದರು, ಈದಿನ ಪಾಯಸ ಶೀರ್ ಖುರ್ಮಾ ಹಿಡಿದುಕೊಂಡು. ನಾನು ತಿಂದೆ.

ಪೊಲೀಸ್ ವಿಷಯ ಐದು ತಿಂಗಳ ನಂತರ ಮುಗಿಯಿತು. ಕೆಟ್ಟ ಉದ್ದೇಶವಿಲ್ಲ, ತಾವಾಗಿ ಒಪ್ಪಿಸಿದ್ದಾರೆ, ಮೊಕದ್ದಮೆ ಇಲ್ಲ. ಆದರೆ ಅದರ ಹಿಂದಿನ ತಿಂಗಳೇ ನಮ್ಮ ಕಂಪನಿ ಟೆಸ್ಟಿಂಗ್ ವಿಭಾಗವನ್ನು ಮುಚ್ಚಿತ್ತು. ಅರ್ಜಿಯನ್ನು ಮತ್ತೆ ಕೈಗೆತ್ತಿಕೊಂಡಾಗ ಅವರಿಗೆ ಕೆಲಸವಿರಲಿಲ್ಲ. ಐವತ್ತರ ಟೆಸ್ಟರಿಗೆ ಟ್ರೋಲ್‌ಹೆಟ್ಟನ್‌ನಲ್ಲಿ ಒಂದು ಸಂದರ್ಶನ, ಮೋಲ್ನ್‌ಡಾಲ್‌ನಲ್ಲಿ ಒಂದು. ಎರಡೂ ಆಗಲಿಲ್ಲ. ಸಂಪಾದನೆಯಿಲ್ಲದವರಿಗೆ ಕಾಯಂ ಪರವಾನಗಿ ಇಲ್ಲ ಎಂದು ಅರ್ಜಿ ತಿರಸ್ಕೃತವಾಯಿತು. ಅಷ್ಟು ಹೊತ್ತಿಗೆ ಮಗಳಿಗೆ ಹದಿನೆಂಟಾಗಲು ಏಳು ವಾರ ಬಾಕಿ.

ಆ ಬಿಲ್ಲೆ ಇಲ್ಲದಿದ್ದರೂ ವಿಭಾಗ ಮುಚ್ಚುತ್ತಿತ್ತು. ಅರ್ಜಿ ಹೇಗೂ ತಡವಾಗುತ್ತಿತ್ತು. ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ. ಇದನ್ನೆಲ್ಲ ನಾನು ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ.

ಅವರು ಊರಿಗೆ ಹೊರಡುವ ಮುನ್ನ ಹಳೆಯ ಸಹೋದ್ಯೋಗಿಗಳು ಸೇರಿ ಕೇಕ್ ತಂದರು. ಹಸಿರು ಹೊದಿಕೆಯ ಇಲ್ಲಿಯ ಕೇಕು. ಮಗಳೂ ಬಂದಿದ್ದಳು. ಕಿಟಕಿಯ ಹತ್ತಿರ ನಿಂತು ಯಾರೊಂದಿಗೂ ಮಾತಾಡದೆ ಫೋನಿನಲ್ಲಿ ಮುಳುಗಿದ್ದಳು. ಭಾಯ್ ನನ್ನ ಹೆಗಲ ಮೇಲೆ ಕೈಯಿಟ್ಟು, "ವಿಜಯಪುರಕ್ಕ ಬಾ ಒಮ್ಮೆ. ಅಲ್ಲಿ ನಮ್ಮ ಹೊಲದಾಗ ಕಬ್ಬಿಣದ್ದು ಬಿಟ್ಟು ಏನೂ ಸಿಗಂಗಿಲ್ಲ, ಆರಾಮ," ಎಂದರು. ಕಚೇರಿಯೊಳಗೆ ಅವರು ತಮ್ಮೂರ ಮಾತಾಡಿದ್ದು ಅದೊಂದೇ ಸಲ. ನಾನು ಬರ್ತೀನಿ ಎಂದೆ. ಹೋಗಲಿಲ್ಲ. ಈದ್‌ಗೆ ಒಂದು ಫೋನ್, ಯುಗಾದಿಗೆ ಒಂದು. ಆಮೇಲೆ ಬರೀ ಮೆಸೇಜು.

ಸಾವಿನ ಸುದ್ದಿ ಬಂದ ವಾರ ನಾನು ಜಿಲ್ಲಾಡಳಿತಕ್ಕೆ ಮೇಲ್ ಬರೆದೆ. ಇಲ್ಲಿ ಸರ್ಕಾರಿ ಕಡತವನ್ನು ಯಾರು ಕೇಳಿದರೂ ಕೊಡುತ್ತಾರೆ, ಯಾಕೆಂದು ಕೇಳುವಂತಿಲ್ಲ. ಆ ಬಿಲ್ಲೆಯ ಕಡತ ಬೇಕೆಂದೆ. ನನಗೆ ಬೇಕಿದ್ದದ್ದು ಆಧಾರ. ಯಂತ್ರ ಯಾರ ಕೈಯಲ್ಲಿತ್ತು, ಆಕಾಶದಲ್ಲಿ ಮೋಡವಿತ್ತೋ ಇಲ್ಲವೋ, ಅವರು ಏನು ಬರೆದಿದ್ದಾರೋ ಅದು. ಎರಡನೇ ದಿನ ಬಂತು. ನಕ್ಷೆಯ ಮೇಲೆ ಕಪ್ಪು ಪಟ್ಟಿ ಹೊಡೆದಿದ್ದರು, ಕಳ್ಳರು ಅಗೆಯಬಾರದೆಂದು. ಲಾಗ್‌ನ ಪುಟ ಇತ್ತು, ಅವರ ದುಂಡು ಅಕ್ಷರ. ಸಂಖ್ಯೆ, ಆಳ, ಬಂಡೆಯಿಂದ ದೂರ, 'ಚಮಚದಿಂದ ಕೆದರಿದ್ದು' ಎಂಬುದು ಕೂಡ. 'ಮೋಡವಿಲ್ಲ.' ಕೆಳಗೆ, ಅವರು ಭಾಷಾ ಪರೀಕ್ಷೆಗೆಂದು ಕಲಿತ ಸ್ವೀಡಿಷಿನಲ್ಲಿ: 'ಊಟಕ್ಕೆ ಕೂರುವಾಗ ಯಂತ್ರವನ್ನು ನಾನೇ ಅಜಾಗರೂಕತೆಯಿಂದ ಜೊತೆಗೆ ಒಯ್ದೆ. ಆ ದಿನ ನಾನೊಬ್ಬನೇ ಇದ್ದೆ.'

ರಂಜಾನಿನಲ್ಲಿ ಊಟಕ್ಕೆ ಕೂತೆ ಎಂದು ಬರೆದಿದ್ದರು ಆ ಮನುಷ್ಯ.

ಹೆಂಡತಿಗೆ ತೋರಿಸಿದೆ. ಅವಳು ಓದಿ, "ಸರಿ ಮತ್ತೆ. ಡಾಕ್ಯುಮೆಂಟೇ ಹೇಳ್ತಿದೆಯಲ್ಲ, ನೀನು ಅಲ್ಲಿ ಇರ್ಲೇ ಇಲ್ಲ. ನೀನು ಯಾವಾಗ್ಲೂ ಅದನ್ನೇ ತಾನೇ ನಂಬೋದು?" ಎಂದಳು. ಕುಹಕವೋ ಸಮಾಧಾನವೋ ತಿಳಿಯಲಿಲ್ಲ. ನನ್ನ ಪೌರತ್ವದ ಅರ್ಜಿ ಈಗ ಅದೇ ವಲಸೆ ಇಲಾಖೆಯ ಮುಂದಿದೆ. ನಡತೆಯ ವಿಚಾರಣೆ ಮಾಡುತ್ತಾರೆ. ಇಷ್ಟು ವರ್ಷದ ಮೇಲೆ ಈ ತಪ್ಪಿಗೆ ಏನಾದರೂ ಬೆಲೆಯಿದೆಯೋ ಇಲ್ಲವೋ, ವಕೀಲರನ್ನು ಕೇಳಬಹುದಿತ್ತು. ಕೇಳಲಿಲ್ಲ. ಒಂದು ತಿದ್ದುಪಡಿ ಪತ್ರ ಬರೆದು ಒಂಬತ್ತು ದಿನ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಂಡೆ.

ಹತ್ತನೇ ದಿನ, ಭಾನುವಾರ ಬೆಳಿಗ್ಗೆ, ಅವರ ಮಗಳಿಗೆ ಫೋನ್ ಮಾಡಿದೆ. ಅವಳೀಗ ವಿಜಯಪುರದಲ್ಲಿ ಫಾರ್ಮಸಿ ಓದುತ್ತಿದ್ದಾಳೆ. ಪಿಯುಸಿಯನ್ನು ಮೊದಲಿನಿಂದ ಮಾಡಬೇಕಾಯಿತಂತೆ, ತನಗಿಂತ ಎರಡು ವರ್ಷ ಚಿಕ್ಕವರ ಜೊತೆ. ಸ್ವೀಡಿಷಿನ ಒಂದು ಪದವೂ ಇಲ್ಲದೆ ಅವರ ಊರಿನ ಕನ್ನಡದಲ್ಲೇ ಮಾತಾಡಿದಳು. ಎಲ್ಲವನ್ನೂ ಹೇಳಿದೆ. ನಾನು ಗುಂಡಿ ಒತ್ತಿದ್ದು, ಚಮಚ, ಅವರು ಬರೆದ ಸಾಲು.

"ಇದನ್ನ ಅಬ್ಬಾಗ ಹೇಳಿದ್ರೇನ್ರಿ ಅಂಕಲ್?"

"ಅವ್ರಿಗೆ ಗೊತ್ತಿತ್ತಲ್ಲಮ್ಮ. ಅವ್ರು ಅಲ್ಲೇ ಇದ್ರು."

"ಗೊತ್ತಿತ್ತೇನು ಅಂತ ಕೇಳಿಲ್ಲ ನಾ. ತಪ್ಪು ನಂದು, ನಾನೇ ಹೋಗಿ ಹೇಳ್ತೀನಿ ಅಂತ ನೀವು ಅವತ್ತ ಅಂದ್ರೇನು?"

"ಇಲ್ಲ," ಎಂದೆ.

ಅವಳು ಫೋನ್ ಇಟ್ಟಳು. ಅಂದೇ ಪತ್ರ ಕಳಿಸಿದೆ. ಕಡತಕ್ಕೆ ಸೇರಿಸಿರುವುದಾಗಿಯೂ, ಒಂದು ಪ್ರತಿಯನ್ನು ಪೊಲೀಸರಿಗೆ ಕಳಿಸುವುದಾಗಿಯೂ ಉತ್ತರ ಬಂದಿದೆ. ಇನ್ನು ಮುಂದೆ ಆ ಕಡತ ಕೇಳಿದವರಿಗೆ ಲಾಗ್‌ನ ಪುಟದ ಹಿಂದೆ ನನ್ನದೂ ಒಂದು ಪುಟ ಸಿಗುತ್ತದೆ. ಅದರಲ್ಲಿರುವುದು ಇಷ್ಟು: ಆ ಮಧ್ಯಾಹ್ನ ದಿಬ್ಬದ ಮೇಲೆ ಒಬ್ಬನೇ ಇದ್ದವನು ನಾನು. ಪರವಾನಗಿ ಹೊಂದಿದ್ದ ವ್ಯಕ್ತಿ ನಲವತ್ತು ಹೆಜ್ಜೆ ದೂರದಲ್ಲಿ, ಕೆಂಪು ಗೆರೆಯ ಒಳಗೆ, ನನಗೆ ಬೆನ್ನು ಮಾಡಿ ಪ್ರಾರ್ಥನೆಯಲ್ಲಿದ್ದರು.